ಅಂಗನವಾಡಿಗಳ ಕೊರತೆ: ಅಳೆಯುವ ಕ್ರಮ ಸರಿಯೆ?

ನಾಲ್ಕು ಸಾಲು, ಐದು ಕಾಲಂಗಳ ಒಂದು ತಖ್ತೆ ನನ್ನ ಮುಂದಿದೆ. ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ದತ್ತಾಂಶಗಳ ವಿಶ್ಲೇಷಣೆಯ ಬಗ್ಗೆ ಮಾತನಾಡಲು ಹೋಗಿದ್ದಾಗ ಅಭ್ಯಾಸಕ್ಕೆಂದು ಹಂಚಿದ್ದ ಹಾಳೆಗಳಲ್ಲಿ ಇದೂ ಒಂದು. ಸಾಲುಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು. ಕಾಲಂಗಳಲ್ಲಿ ತಾಲ್ಲೂಕಿನ ಹೆಸರು, ಜನಸಂಖ್ಯೆ, ಬೇಕಾದ ಅಂಗನವಾಡಿ ಕೇಂದ್ರಗಳು, ಇರುವ ಕೇಂದ್ರಗಳು, ಕೊರತೆ. ಕೊನೆಯ ಕಾಲಂನಲ್ಲಿ ನಾಲ್ಕೂ ಸಾಲಿಗೆ ಒಂದೇ ಮಾತು: 'ಇಲ್ಲ'.

ಆ ಅಂಕಿಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಅವು ತಪ್ಪೆಂದು ಹೇಳುವುದೂ ನನ್ನ ಉದ್ದೇಶವಲ್ಲ. ಒಂದೊಂದು ಅಂಕಿಯೂ ಸರಿಯಾಗಿಯೇ ಇರಬಹುದು. ನನ್ನ ತಕರಾರು ಇರುವುದು ಅವುಗಳ ನಡುವೆ ಮಾಡಿರುವ ಭಾಗಾಕಾರದ ಮೇಲೆ. ಪಿಯುಸಿ ವಿದ್ಯಾರ್ಥಿಯೊಬ್ಬ ಪ್ರಯೋಗದ ಪುಸ್ತಕದಲ್ಲಿ ಇಂಥ ಲೆಕ್ಕ ಬರೆದು ತಂದಿದ್ದರೆ ನಾನು ಸಹಿ ಹಾಕದೆ ಹಿಂದಿರುಗಿಸುತ್ತಿದ್ದೆ. ಕಾರಣವನ್ನು ನಿಮ್ಮ ಮುಂದಿಡುತ್ತೇನೆ, ನೀವೇ ಪರಿಶೀಲಿಸಿ.

ಮೊದಲು ಹಿನ್ನೆಲೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು, ಅಲ್ಲಿ 100 ಅಂಗನವಾಡಿಗಳು ತೆರೆದವು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಎಲ್ಲಿ ಎಷ್ಟು ಕೇಂದ್ರಗಳಿರಬೇಕು ಎಂಬುದಕ್ಕೆ ಒಂದು ಸೂತ್ರವುಂಟು. 400ರಿಂದ 800 ಜನರಿಗೆ ಒಂದು ಕೇಂದ್ರ, 800ರಿಂದ 1600ಕ್ಕೆ ಎರಡು, 1600ರಿಂದ 2400ಕ್ಕೆ ಮೂರು, ಅಲ್ಲಿಂದಾಚೆ ಪ್ರತಿ 800 ಜನರಿಗೆ ಇನ್ನೊಂದು. 150ರಿಂದ 400 ಜನರಿರುವಲ್ಲಿ ಮಿನಿ ಅಂಗನವಾಡಿ. ಇದರ ಜೊತೆಗೆ ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್ 13ರ ಆದೇಶದಲ್ಲಿ, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯು ಬೇಡಿಕೆಯಿಟ್ಟರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಹೇಳಿತು. 'ಜನವಸತಿ' ಎಂಬ ಶಬ್ದವನ್ನು ನೆನಪಿನಲ್ಲಿಡಿ. ನ್ಯಾಯಾಲಯ ಮಾತನಾಡಿದ್ದು ತಾಲ್ಲೂಕಿನ ಬಗ್ಗೆ ಅಲ್ಲ.

ಒಂದು ವಸ್ತುವಿನ ರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದು ಸರಾಸರಿ ಸಾಂದ್ರತೆ. ವಸ್ತುವಿನೊಳಗೆ ಒಂದು ಟೊಳ್ಳು ಇದೆಯೆ ಎಂಬುದನ್ನು ಅದು ಹೇಳಲಾರದು. ಟೊಳ್ಳನ್ನು ಹುಡುಕಬೇಕಾದರೆ ಚಿಕ್ಕ ಚಿಕ್ಕ ಭಾಗಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಎಷ್ಟು ಚಿಕ್ಕದು ಎಂದರೆ, ಟೊಳ್ಳಿಗಿಂತ ಚಿಕ್ಕದು. ನಮ್ಮ ತಖ್ತೆಯಲ್ಲಿ ಅಳತೆಯ ಅತಿ ಚಿಕ್ಕ ಘಟಕವೇ ತಾಲ್ಲೂಕು. ಮಗುವಿನ ಲೋಕವೋ ಅರ್ಧ ಕಿಲೋಮೀಟರಿನದು.

ಊರು, ತಾಂಡಾ, ವಸ್ತಿ

ಈ ನಾಲ್ಕು ತಾಲ್ಲೂಕುಗಳನ್ನು ನೋಡಿದವರಿಗೆ ಟೊಳ್ಳುಗಳು ಎಲ್ಲಿರಬಹುದೆಂದು ಹೇಳಬೇಕಿಲ್ಲ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಎರೆಭೂಮಿಯನ್ನು ಸೀಳಿಕೊಂಡು ಹರಿಯುವ ಡೋಣಿ. ಜನ ಮೂರು ಬಗೆಯಾಗಿ ವಾಸಿಸುತ್ತಾರೆ. ಒಂದು, ಅಗಸಿ, ಗುಡಿ, ಪಂಚಾಯಿತಿ ಕಟ್ಟೆ ಇರುವ ಮೂಲ ಊರು. ಎರಡು, ಊರಿನಿಂದ ಒಂದೆರಡು ಕಿಲೋಮೀಟರ್ ಆಚೆ ಇರುವ ಲಂಬಾಣಿ ತಾಂಡಾ. ಮೂರು, ಹೊಲ ತೋಟಗಳಲ್ಲೇ ಮನೆ ಕಟ್ಟಿಕೊಂಡಿರುವ ತೋಟದ ವಸ್ತಿಗಳು. ಇಂಡಿಯ ಲಿಂಬೆ ತೋಟಗಳ ಕಡೆ ಹೋದರೆ ಇಂಥ ವಸ್ತಿಗಳು ದಾರಿಯುದ್ದಕ್ಕೂ ಸಿಗುತ್ತವೆ. ಆಲಮಟ್ಟಿಯ ಹಿನ್ನೀರಿನ ಕಡೆ ಇನ್ನೂ ಒಂದು ಬಗೆಯುಂಟು: ಮುಳುಗಡೆಯಾದ ಊರುಗಳ ಪುನರ್ವಸತಿ ಕೇಂದ್ರಗಳು. ಕೊಲ್ಹಾರದಂಥ ದೊಡ್ಡ ಊರೇ ಜಾಗ ಬದಲಿಸಿದ ಪ್ರದೇಶವಿದು.

ಈಗ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಆರಿಸಿದ್ದೇನೆ. ಕಂದಾಯ ದಾಖಲೆಯ ಪ್ರಕಾರ ಗ್ರಾಮದ ಜನಸಂಖ್ಯೆ 2000. ಅದರಲ್ಲಿ ಮೂಲ ಊರಿನಲ್ಲಿ 1400, ಎರಡು ಕಿಲೋಮೀಟರ್ ದೂರದ ತಾಂಡಾದಲ್ಲಿ 400, ಸುತ್ತಲಿನ ವಸ್ತಿಗಳಲ್ಲಿ 200. ಪ್ರತಿಯೊಂದು ವರ್ಷದ ವಯಸ್ಸಿನ ಮಕ್ಕಳು ಜನಸಂಖ್ಯೆಯ ಶೇ. 2ರಷ್ಟು ಎಂದುಕೊಳ್ಳಿ. ಹಾಗಾದರೆ ಮೂರು ತುಂಬಿ ಆರು ತುಂಬದ ಮಕ್ಕಳು ಊರಿನಲ್ಲಿ 84, ತಾಂಡಾದಲ್ಲಿ 24, ವಸ್ತಿಗಳಲ್ಲಿ 12, ಒಟ್ಟು 120. ಸೂತ್ರದ ಪ್ರಕಾರ 2000 ಜನರಿಗೆ ಮೂರು ಕೇಂದ್ರಗಳು. ಮೂರೂ ಇವೆ, ಮೂರೂ ಮೂಲ ಊರಿನಲ್ಲೇ ಇವೆ. ಒಂದೊಂದರಲ್ಲಿ 40 ಮಕ್ಕಳು ಕೂರಬಹುದು. 120 ಮಕ್ಕಳಿಗೆ 120 ಜಾಗ. ಕೊರತೆ: 'ಇಲ್ಲ'.

ಶಿಕ್ಷಣ ಹಕ್ಕಿನ ನಿಯಮಗಳು ಆರು ವರ್ಷದ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆನ್ನುತ್ತವೆ. ಮೂರು ವರ್ಷದ ಮಗುವಿಗೆ ಅದರ ಅರ್ಧ ದೂರವೆಂದು ಇಟ್ಟುಕೊಳ್ಳೋಣ. ಆಗ ಊರಿನ 84 ಮಕ್ಕಳಿಗೆ 120 ಜಾಗ, ಎಂದರೆ ತಲೆಗೆ 1.43. ತಾಂಡಾದ ಮಕ್ಕಳಿಗೆ ಸೊನ್ನೆ. ವಸ್ತಿಯ ಮಕ್ಕಳಿಗೂ ಸೊನ್ನೆ. ಈ ಮೂರರ ಸರಾಸರಿಯನ್ನು ಮಕ್ಕಳ ಸಂಖ್ಯೆಗೆ ತಕ್ಕಂತೆ ತೆಗೆದು ನೋಡಿ: 84ನ್ನು 1.43ರಿಂದ ಗುಣಿಸಿ 120ರಿಂದ ಭಾಗಿಸಿದರೆ ಮತ್ತೆ ಬರುವುದು 1! ಹತ್ತರಲ್ಲಿ ಮೂರು ಮಕ್ಕಳಿಗೆ ಏನೂ ಇಲ್ಲದಿದ್ದರೂ ಸರಾಸರಿ ಕದಲುವುದಿಲ್ಲ. ಇದು ಆಕಸ್ಮಿಕವಲ್ಲ. ಇರುವ ಜಾಗಗಳನ್ನೆಲ್ಲ ಯಾರಿಗಾದರೂ ಹಂಚಲೇಬೇಕಾದ್ದರಿಂದ, ಹೇಗೆ ಹಂಚಿದರೂ ಸರಾಸರಿ ಅಷ್ಟೇ ಇರುತ್ತದೆ. ಕೊರತೆಯನ್ನು ಕಾಣಬೇಕಾದವರು ಸರಾಸರಿಯನ್ನು ಕೇಳಲೇಬಾರದು. ಇಂತಿಷ್ಟಕ್ಕಿಂತ ಕಡಿಮೆ ದೊರೆತ ಮಕ್ಕಳು ಶೇಕಡಾ ಎಷ್ಟು ಎಂದು ಕೇಳಬೇಕು.

ಇನ್ನೂ ಒಂದು ಸಂಗತಿ ಗಮನಿಸಿ. ಅದೇ ಸೂತ್ರವನ್ನು ಗ್ರಾಮಕ್ಕೆ ಅನ್ವಯಿಸದೆ ಜನವಸತಿಗೆ ಅನ್ವಯಿಸಿದರೆ ಊರಿಗೆ ಎರಡು ಕೇಂದ್ರ, ತಾಂಡಾಕ್ಕೆ ಒಂದು, ವಸ್ತಿಗಳನ್ನು ಒಂದೇ ಜನವಸತಿಯೆಂದು ಒಪ್ಪಿದರೆ ಅವಕ್ಕೆ ಒಂದು ಮಿನಿ ಕೇಂದ್ರ ಬರುತ್ತದೆ. ತಾಂಡಾದಲ್ಲಿ ಆರರೊಳಗಿನ ಮಕ್ಕಳು 48. ಆದ್ದರಿಂದ 2006ರ ಆದೇಶದಂತೆ ಕೇಳುವ ಹಕ್ಕೂ ಅವರಿಗುಂಟು. ತಖ್ತೆ ಮಾತ್ರ ಅವರು ಕೇಳುವ ಮೊದಲೇ 'ಇಲ್ಲ' ಎಂದು ಉತ್ತರಿಸಿಬಿಟ್ಟಿದೆ. ಅತ್ತ ಮೂಲ ಊರಿನ ಮೂರು ಕೇಂದ್ರಗಳಲ್ಲಿ ಒಟ್ಟು 36 ಜಾಗ ಖಾಲಿ ಬಿದ್ದಿರುತ್ತವೆ. ಹಾಜರಾತಿ ಕಡಿಮೆ, ಒಂದು ಕೇಂದ್ರ ಹೆಚ್ಚಾಗಿದೆ, ವಿಲೀನ ಮಾಡಬಹುದು ಎಂದು ಯಾರಾದರೂ ಟಿಪ್ಪಣಿ ಬರೆದರೆ ಆಶ್ಚರ್ಯವಿಲ್ಲ. ಕೊರತೆಯೂ ಹೆಚ್ಚುವರಿಯೂ ಒಂದೇ ಗ್ರಾಮದಲ್ಲಿ ಪಕ್ಕಪಕ್ಕದಲ್ಲಿವೆ, ಕೂಡಿದರೆ ಎರಡೂ ಮಾಯವಾಗುತ್ತವೆ.

ತಾಂಡಾಗಳು ಬಹುಕಾಲ ದಾಖಲೆಗಳಲ್ಲಿ ಪ್ರತ್ಯೇಕ ಸಾಲಾಗಿಯೇ ಇರಲಿಲ್ಲ, ಮೂಲ ಗ್ರಾಮದ ಅಂಕಿಯೊಳಗೆ ಕರಗಿದ್ದವು. ಅವನ್ನು ಕಂದಾಯ ಗ್ರಾಮಗಳಾಗಿ ಮಾಡುವ ಕೆಲಸ ಈಚೆಗೆ ನಡೆದಿದೆ. 2023ರ ಜನವರಿಯಲ್ಲಿ ವಿಜಯಪುರವೂ ಸೇರಿದಂತೆ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಕೊಡಲಾಯಿತು. ಹಕ್ಕುಪತ್ರದಿಂದ ಆಗುವ ಬೇರೆ ಪ್ರಯೋಜನಗಳ ಜೊತೆಗೆ ಅಳತೆಗಾರನಿಗೂ ಒಂದು ಪ್ರಯೋಜನವಿದೆ: ತಾಂಡಾಕ್ಕೆ ಈಗ ತನ್ನದೇ ಸಾಲು ಸಿಗುತ್ತದೆ. ತೋಟದ ವಸ್ತಿಗಳಿಗೆ ಆ ಭಾಗ್ಯವೂ ಇಲ್ಲ.

ದೂರವನ್ನು ಲೆಕ್ಕಕ್ಕೆ ತರುವುದು

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್ ಎಂಬ ಸಂಸ್ಥೆ 'ಶಿಶುಪಾಲನೆಯ ಮರುಭೂಮಿ' ಎಂಬ ಮಾತನ್ನು ಬಳಕೆಗೆ ತಂದಿತು. ಐದು ವರ್ಷದೊಳಗಿನ 50ಕ್ಕೂ ಹೆಚ್ಚು ಮಕ್ಕಳಿರುವ ಗಣತಿ ಪ್ರದೇಶದಲ್ಲಿ ಪರವಾನಗಿ ಪಡೆದ ಕೇಂದ್ರಗಳೇ ಇಲ್ಲದಿದ್ದರೆ, ಅಥವಾ ಪರವಾನಗಿಯ ಒಂದು ಜಾಗಕ್ಕೆ ಮೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅದು ಮರುಭೂಮಿ. ಅಮೆರಿಕನ್ನರಲ್ಲಿ ಶೇ. 51 ಜನ ಇಂಥ ಪ್ರದೇಶಗಳಲ್ಲಿದ್ದಾರೆಂದು ಅದರ 2018ರ ವರದಿ ಹೇಳಿತು. ನಮ್ಮ ತಾಲ್ಲೂಕಿಗಿಂತ ಅವರ ಗಣತಿ ಪ್ರದೇಶ ಎಷ್ಟೋ ಚಿಕ್ಕದು, ಆದ್ದರಿಂದ ಅಳತೆ ಸೂಕ್ಷ್ಮವಾಯಿತು. ದೋಷವೂ ಉಳಿಯಿತು. ಗೆರೆಯ ಈಚೆ ಇರುವ ಮನೆಗೆ ಗೆರೆಯಾಚೆ ನೂರು ಹೆಜ್ಜೆಯಲ್ಲಿರುವ ಕೇಂದ್ರ ಲೆಕ್ಕಕ್ಕಿಲ್ಲ. ಮೂರು ಎಂಬ ಮಿತಿ ಏಕೆ, ಎರಡೂವರೆ ಏಕಲ್ಲ ಎಂಬುದಕ್ಕೂ ಪ್ರಕೃತಿಯಲ್ಲಿ ಉತ್ತರವಿಲ್ಲ.

ಅವರಿಗೆ ಇದ್ದು ನಮಗೆ ಇಲ್ಲದ ಒಂದು ಅನುಕೂಲವನ್ನು ಇಲ್ಲೇ ಹೇಳಿಬಿಡಬೇಕು. ಅಲ್ಲಿ ಪರವಾನಗಿ ಎಂದರೆ ಯಾವ ವಯಸ್ಸಿನ ಎಷ್ಟು ಮಕ್ಕಳು ಎಂಬ ಸಂಖ್ಯೆಯೂ ಸೇರಿದ ಪತ್ರ. ನಮ್ಮಲ್ಲಿ ಎಣಿಸುವುದು ಕೇಂದ್ರಗಳನ್ನು, ಜಾಗಗಳನ್ನಲ್ಲ. ಸ್ವಂತ ಕಟ್ಟಡ, ಅಂಗಳ, ಅಡುಗೆ ಕೋಣೆ ಇರುವುದೂ ಒಂದು ಕೇಂದ್ರ. ಬಾಡಿಗೆಯ ಒಂಟಿ ಕೋಣೆಯೂ ಒಂದು ಕೇಂದ್ರ. ಸಹಾಯಕಿಯ ಹುದ್ದೆ ಖಾಲಿಯಿದ್ದು ಕಾರ್ಯಕರ್ತೆಯೊಬ್ಬಳೇ ಅಡುಗೆ ಮಾಡಿ, ತೂಕ ನೋಡಿ, ಆ ನಡುವೆ 'ಚಿಲಿಪಿಲಿ'ಯ ಚಟುವಟಿಕೆಗಳನ್ನೂ ನಡೆಸಬೇಕಾದದ್ದೂ ಒಂದು ಕೇಂದ್ರವೇ. ಮಾನಕವೇ ಇಲ್ಲದ ಘಟಕಗಳನ್ನು ಕೂಡುವುದೆಂದರೆ ಸೇರು, ಪಾವು, ಚಟಾಕುಗಳನ್ನು ಒಂದೊಂದೆಂದು ಎಣಿಸಿ 'ಮೂರು' ಎಂದು ಬರೆದಂತೆ.

ಗೆರೆಯ ಸಮಸ್ಯೆಗೆ ಬರೋಣ. 2003ರಲ್ಲಿ ವೇ ಲುವೊ ಮತ್ತು ಫಾಹುಯಿ ವಾಂಗ್ ಎಂಬ ಭೂಗೋಳ ವಿಜ್ಞಾನಿಗಳು ಶಿಕಾಗೊ ಪ್ರದೇಶದ ವೈದ್ಯರ ಕೊರತೆ ಅಳೆಯಲು ಎರಡು ಹಂತದ ಕ್ರಮವೊಂದನ್ನು ಪ್ರಕಟಿಸಿದರು. ಮೊದಲ ಹಂತದಲ್ಲಿ ಪ್ರತಿ ಕೇಂದ್ರದ ಸುತ್ತ ಒಂದು ವೃತ್ತ ಎಳೆದು, ಅದರ ಜಾಗಗಳನ್ನು ವೃತ್ತದೊಳಗಿನವರ ಸಂಖ್ಯೆಯಿಂದ ಭಾಗಿಸುವುದು. ಎರಡನೆಯ ಹಂತದಲ್ಲಿ ಪ್ರತಿ ಮನೆಯ ಸುತ್ತ ವೃತ್ತ ಎಳೆದು, ಅದರೊಳಗೆ ಬರುವ ಕೇಂದ್ರಗಳ ಆ ಭಾಗಲಬ್ಧಗಳನ್ನು ಕೂಡುವುದು. ವೃತ್ತಕ್ಕೆ ತಾಲ್ಲೂಕಿನ ಗಡಿಯ ಹಂಗಿಲ್ಲ. ಶಿಶುಪಾಲನೆಗೂ ಇದೇ ದಾರಿ ಹಿಡಿದು ಮಿನ್ನೆಸೋಟದ ಸಂಶೋಧಕರು 2019ರಲ್ಲಿ ಕುಟುಂಬದ ಮನೆಬಾಗಿಲಿನಿಂದ ಹೊರಡುವ ಅಳತೆಯೊಂದನ್ನು ರೂಪಿಸಿದರು.

ನಮ್ಮ ಊರಿಗೆ ಇದನ್ನು ಹಚ್ಚಿ ನೋಡೋಣ. ಅರ್ಧ ಕಿಲೋಮೀಟರಿನ ಮಿತಿ ಇಟ್ಟರೆ ತಾಂಡಾಕ್ಕೆ ಸೊನ್ನೆ ಎಂದು ಆಗಲೇ ಕಂಡೆವು. ಮಿತಿಯನ್ನು ಎರಡು ಕಿಲೋಮೀಟರಿಗೆ ಹಿಗ್ಗಿಸಿದರೆ ತಾಂಡಾವೂ ವೃತ್ತದೊಳಗೆ ಬಂದು, ಊರು ತಾಂಡಾ ಎರಡಕ್ಕೂ 1.11 ಬರುತ್ತದೆ. ಮಕ್ಕಳು ಇದ್ದಲ್ಲೇ ಇದ್ದಾರೆ, ಬದಲಾದದ್ದು ನಮ್ಮ ಕೈವಾರ. ಆದ್ದರಿಂದ ಒಳಗೆ-ಹೊರಗೆ ಎಂಬ ಕಟ್ಟುನಿಟ್ಟಿನ ಗೆರೆಗಿಂತ, ದೂರ ಹೆಚ್ಚಿದಂತೆ ಕಡಿಮೆಯಾಗುವ ತೂಕ ಕೊಡುವುದು ಮೇಲು. ಎರಡು ಕಿಲೋಮೀಟರಿಗೆ 0.2 ಎಂಬ ತೂಕ ಕೊಟ್ಟು ಲೆಕ್ಕ ಮಾಡಿದರೆ ಊರಿಗೆ 1.35, ತಾಂಡಾಕ್ಕೆ 0.27 ಬರುತ್ತದೆ. ಆ 0.2 ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಊಹೆಯಿಂದ ಬಂತು. ಅದನ್ನು ಅಳೆದು ತಿಳಿಯಬೇಕು. ಯಾವ ದೂರದಿಂದ ಎಷ್ಟು ಮಕ್ಕಳು ನಿಜವಾಗಿ ಬರುತ್ತಾರೆ ಎಂಬುದು ಪ್ರತಿ ಕಾರ್ಯಕರ್ತೆಗೂ ಗೊತ್ತು, ಅವರನ್ನು ಕೇಳಿದವರು ಕಡಿಮೆ.

ವೃತ್ತವೆಂದೆ, ಆದರೆ ಈ ಸೀಮೆಯಲ್ಲಿ ವೃತ್ತ ಎಳೆಯುವವರು ಎಚ್ಚರದಿಂದಿರಬೇಕು. ಹಿನ್ನೀರಿನ ಆಚೆ ದಡ ಕಣ್ಣಿಗೆ ಕಾಣುತ್ತದೆ, ಹೋಗಲು ಸುತ್ತಿ ಬರಬೇಕು. ಬೇಸಿಗೆಯಲ್ಲಿ ಕಾಲು ತೋಯದ ಹಳ್ಳ ಮಳೆಗಾಲದಲ್ಲಿ ದಾಟಲಾಗದು. ಡೋಣಿಗೆ ನೀರು ಬಂದಾಗ ತಾಳಿಕೋಟೆ ಕಡೆಯ ದೊಡ್ಡವರೇ ದಂಡೆಯಲ್ಲಿ ನಿಂತು ಕಾಯುತ್ತಾರೆ. ನಕ್ಷೆಯ ಮೇಲೆ ಪಟ್ಟಿ ಇಟ್ಟು ಅಳೆದ ದೂರಕ್ಕೂ ನಡೆಯುವ ದೂರಕ್ಕೂ ಸಂಬಂಧ ಕಡಿಮೆ.

ಗಡಿಯದೂ ಒಂದು ಮಾತು. ಇಂಡಿಯ ಉತ್ತರಕ್ಕೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಸಿಂದಗಿಯ ಪೂರ್ವಕ್ಕೆ ಕಲಬುರಗಿ ಜಿಲ್ಲೆ, ಮುದ್ದೇಬಿಹಾಳದ ಪೂರ್ವಕ್ಕೆ ಯಾದಗಿರಿ ಜಿಲ್ಲೆ. ಕಲಬುರಗಿ, ಯಾದಗಿರಿಗಳು 371ಜೆ ವಿಧಿಯ ವ್ಯಾಪ್ತಿಯಲ್ಲಿವೆ, ವಿಜಯಪುರ ಇಲ್ಲ. ಗೆರೆಯ ಆಚೆ ಸರ್ಕಾರಿ ಶಾಲೆಯಲ್ಲಿ ಪೂರ್ವ ಪ್ರಾಥಮಿಕ ತರಗತಿ ತೆರೆದರೆ ಅದು ಈಚೆಯವರ ತಖ್ತೆಯಲ್ಲಿ ಕಾಣದು, ಈಚೆಯ ಮಗು ಅಲ್ಲಿಗೆ ಹೋಗುತ್ತಿದ್ದರೂ ಕಾಣದು.

ಛೇದದಲ್ಲಿ ಯಾರು?

ಇಷ್ಟು ಹೊತ್ತು ಅಂಶದ ಮಾತಾಯಿತು. ಛೇದವೂ ನೆಟ್ಟಗಿಲ್ಲ. ಜನಗಣತಿಯ '0–6' ಎಂಬ ಗುಂಪನ್ನು ಅಂಗನವಾಡಿಯ ಮಕ್ಕಳೆಂದು ತಿಳಿಯುವುದು ಸಾಮಾನ್ಯ ತಪ್ಪು. ಗಣತಿಯಲ್ಲಿ ಸಾಕ್ಷರತೆಯನ್ನು ಲೆಕ್ಕ ಮಾಡುವುದು 7 ವರ್ಷ ಮತ್ತು ಮೇಲ್ಪಟ್ಟವರಿಗೆ. ಎಂದರೆ ಆರು ತುಂಬಿ ಏಳು ತುಂಬದವರೂ 0–6ರ ಗುಂಪಿನಲ್ಲೇ ಇದ್ದಾರೆ. ಅದು ಏಳು ವರ್ಷಗಳ ಗುಂಪು, ಅಂಗನವಾಡಿಯದು ಆರು. ಇಲ್ಲೇ ಶೇ. 17ರಷ್ಟು ಹೆಚ್ಚು ಎಣಿಕೆ. 2011ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಈ ಗುಂಪಿನ ಪಾಲು ಶೇ. 11.7 ಇತ್ತು, ವಿಜಯಪುರದ ಪಾಲು ಅದಕ್ಕಿಂತ ಹೆಚ್ಚು. ಪಾಲು ಶೇ. 11.7 ಆದರೆ 800 ಜನರಲ್ಲಿ ಮೂರರಿಂದ ಆರರ ಮಕ್ಕಳು ಸುಮಾರು 40, ಶೇ. 14 ಆದರೆ 48. ಸೂತ್ರಕ್ಕೆ ಎರಡೂ 800 ಜನವೇ.

ಆ ಗಣತಿಯ ನಂತರ ಜನನ ಪ್ರಮಾಣ ಇಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವಂತಿಕೆ ದರ 1.7. ಮತ್ತೊಂದು ಕಡೆ ಒಂದನೇ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೆಂಬ ಆದೇಶ 2022ರಲ್ಲಿ ಬಂತು, 2025–26ರ ಸಾಲಿಗೆ ಒಂದು ಬಾರಿಯ ಸಡಿಲಿಕೆಯಾಗಿ 5 ವರ್ಷ 5 ತಿಂಗಳೆಂದಾಯಿತು. ಈ ಏಳು ತಿಂಗಳ ಅಂತರ ಚಿಕ್ಕದಲ್ಲ. ಮೂರು ವರ್ಷದ ಅವಧಿಯಲ್ಲಿ ಅದು ಆರನೇ ಒಂದು ಭಾಗಕ್ಕಿಂತ ಹೆಚ್ಚು. ಒಂದು ದೋಷ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆಯುವುದರಿಂದ ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಸಮಾಧಾನಪಡುವವರಿದ್ದಾರೆ. ರಾಜ್ಯದ ಮೊತ್ತದಲ್ಲಿ ಸರಿಹೋಗಬಹುದು. ಒಂದು ತಾಂಡಾದಲ್ಲಿ ಹಾಗೆ ಆಗಬೇಕೆಂದಿಲ್ಲ.

ಗುಳೆಯ ವಿಷಯ ಇದಕ್ಕಿಂತ ಕಠಿಣ. ದೀಪಾವಳಿ ಕಳೆದೊಡನೆ ಕಬ್ಬು ಕಡಿಯುವ ಗುಂಪುಗಳು ಮಹಾರಾಷ್ಟ್ರದ ಕಡೆ ಹೊರಡುತ್ತವೆ. ಗೋವಾ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಹೋಗುವವರೂ ಉಂಟು. ಕೆಲವರು ಮಕ್ಕಳನ್ನು ಕರೆದೊಯ್ಯುತ್ತಾರೆ, ಕೆಲವರು ಅಜ್ಜಿಯ ಬಳಿ ಬಿಡುತ್ತಾರೆ. ಜೂನ್‌ನಲ್ಲಿ ತಾಂಡಾದಲ್ಲಿದ್ದ 24 ಮಕ್ಕಳು ಜನವರಿಯಲ್ಲಿ ಎಷ್ಟು? ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿರುವ ಮಗು ಅಲ್ಲಿಯ ಛೇದದಲ್ಲಿಲ್ಲ, ಇಲ್ಲಿಯ ಛೇದದಲ್ಲಿದ್ದೂ ಇಲ್ಲ. ಇಂಥ ರಾಶಿಯನ್ನು ಕಾಲದ ಫಲನವಾಗಿ ಬರೆಯಬೇಕು. ವರ್ಷಕ್ಕೊಂದು ಅಂಕಿ ಸಾಲದು.

ಮೂರು ವರ್ಷದೊಳಗಿನವರನ್ನು ತಖ್ತೆ ಪೂರ್ತಿ ಮರೆತಿದೆ. ಅವರಿಗೆ ಅಂಗನವಾಡಿ ಕೊಡುವುದು ಮನೆಗೆ ಒಯ್ಯುವ ಆಹಾರ, ಲಸಿಕೆ, ತೂಕದ ತಪಾಸಣೆ. ಹಗಲು ನೋಡಿಕೊಳ್ಳುವ ಏರ್ಪಾಡು ಅದಲ್ಲ. ನಮ್ಮ ಕಲ್ಪಿತ ಊರಿನಲ್ಲಿ ಇಂಥ ಮಕ್ಕಳು ಇನ್ನೂ 120. ಅವರಿಗಿರುವ ಜಾಗ ಸೊನ್ನೆ. ಕೊರತೆ ಶೇ. 100. ಉದ್ಯೋಗ ಖಾತರಿಯ 2005ರ ಕಾಯ್ದೆಯಲ್ಲಿ, ಕೆಲಸದ ಸ್ಥಳಕ್ಕೆ ಆರರೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕೆಂಬ ನಿಯಮವಿತ್ತು. 2023–24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯ ಹೆಜ್ಜೆ. ಆದರೆ ಪಂಚಾಯಿತಿಗೆ ಒಂದು ಎಂದೊಡನೆ ಅದೂ ಹೆಚ್ಚಾಗಿ ಮೂಲ ಊರಿನಲ್ಲೇ ನೆಲೆಯೂರುತ್ತದೆ. 50 ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿ ಹೇಳಿತು, ಕಳೆ ತೆಗೆಯುವ ಹೆಂಗಸರನ್ನು 'ನೌಕರರು' ಎಂದು ಯಾವ ಹೊಲದ ಮಾಲೀಕನೂ ಎಣಿಸಿದ್ದಿಲ್ಲ.

2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶ ಬಂದಿದೆ, ಇನ್ನು ಎಲ್ಲವೂ ಗೊತ್ತಾಗುತ್ತದೆ ಎನ್ನುತ್ತಾರೆ. ಅದು ಉಪಯುಕ್ತ ಉಪಕರಣ, ಆದರೆ ಅದು ತೋರಿಸುವುದು ಕೇಂದ್ರವನ್ನು ತಲುಪಿ ನೋಂದಣಿಯಾದವರನ್ನು. ಭೌತವಿಜ್ಞಾನಿ ಎಡಿಂಗ್ಟನ್ 1939ರ ಪುಸ್ತಕವೊಂದರಲ್ಲಿ, ಎರಡು ಅಂಗುಲದ ಕಣ್ಣಿನ ಬಲೆ ಬೀಸಿ 'ಎರಡು ಅಂಗುಲಕ್ಕಿಂತ ಚಿಕ್ಕ ಜಲಚರವೇ ಇಲ್ಲ' ಎಂದು ತೀರ್ಮಾನಿಸಿದವನ ಉದಾಹರಣೆ ಕೊಡುತ್ತಾನೆ. ತಲುಪದವರನ್ನು ತಲುಪಿದವರ ಪಟ್ಟಿಯಿಂದ ಎಣಿಸಲಾಗದು. ಹಾಗೆಯೇ ಮೊಟ್ಟೆ, ಆಹಾರಕ್ಕಾಗಿ ಅಂಗನವಾಡಿಯಲ್ಲೂ ಎಲ್‌ಕೆಜಿಗಾಗಿ ಖಾಸಗಿ ಶಾಲೆಯಲ್ಲೂ ಹೆಸರಿರುವ ಮಕ್ಕಳು ಎರಡು ಬಾರಿ ಎಣಿಕೆಯಾಗುತ್ತಾರೆ.

ಹಾಗಾದರೆ ಕಾಣದ್ದನ್ನು ಅಳೆಯುವುದು ಹೇಗೆ? ಯುರೇನಸ್‌ನ ಚಲನೆಯ ಏರುಪೇರಿನಿಂದ 1846ರಲ್ಲಿ ನೆಪ್ಚೂನ್ ಸಿಕ್ಕಿತು. ಇಲ್ಲಿಯೂ ಏರುಪೇರನ್ನು ಹುಡುಕಬೇಕು. ಅದು ಅಂಗನವಾಡಿಯ ರಿಜಿಸ್ಟರಿನಲ್ಲಿ ಸಿಗದು, ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಶಿಬಿರದಲ್ಲಿ ತಾಂಡಾ ಶಾಲೆಯ ಶಿಕ್ಷಕಿಯೊಬ್ಬರು ಹೇಳಿದ ಮಾತು ನನಗೆ ಆ ತಖ್ತೆಗಿಂತ ಹೆಚ್ಚು ಮಾಹಿತಿ ಕೊಟ್ಟಿತು: "ಸರ್, ಕಸ ತೆಗೆಯೋ ಹಂಗಾಮು ಬಂತಂದ್ರ ನಮ್ಮ ಮೂರನೇತ್ತಾ ನಾಕನೇತ್ತಾ ಹುಡುಗ್ಯಾರು ಸಾಲಿಗೆ ಬರಾಂಗಿಲ್ರಿ. ಅವ್ವ ಹೊಲಕ್ಕ ಹೋಗ್ತಾಳ, ಇಕಿ ಕೂಸು ಹಿಡ್ಕೊಂಡು ಕುಂದರ್ತಾಳ." ಒಂಬತ್ತು ವರ್ಷದ ಅಕ್ಕ ಆ ಓಣಿಯ ಶಿಶುವಿಹಾರ. ಕಳೆ ತೆಗೆಯುವ ವಾರಗಳಲ್ಲಿ, ಕಬ್ಬಿನ ಹಂಗಾಮಿನಲ್ಲಿ, ಎರಡರಿಂದ ಐದನೇ ತರಗತಿಯವರೆಗಿನ ಹುಡುಗಿಯರ ಗೈರುಹಾಜರಿ ಹುಡುಗರದಕ್ಕಿಂತ ಎಷ್ಟು ಹೆಚ್ಚುತ್ತದೆ ಎಂಬುದನ್ನು ಜನವಸತಿವಾರು ತೆಗೆದರೆ ಕೊರತೆಯ ಒಂದು ಸ್ವತಂತ್ರ ಅಳತೆ ಸಿಗುತ್ತದೆ. ಹೊಸ ಸಮೀಕ್ಷೆ ಬೇಕಿಲ್ಲ, ಪುಸ್ತಕಗಳು ಶಾಲೆಗಳಲ್ಲೇ ಇವೆ. ಗೈರುಹಾಜರಿಗೆ ಬೇರೆ ಕಾರಣಗಳೂ ಇರುತ್ತವೆ, ಒಪ್ಪುತ್ತೇನೆ. ಅದಕ್ಕೇ ಹುಡುಗರೊಡನೆ ಹೋಲಿಕೆ, ಅದಕ್ಕೇ ಕೂಸಿನ ಮನೆ ತೆರೆದ ತಾಂಡಾ ಮತ್ತು ತೆರೆಯದ ತಾಂಡಾಗಳ ಹೋಲಿಕೆ.

ತಖ್ತೆಯನ್ನು ಹೇಗೂ ಮತ್ತೆ ಬರೆಯಲೇಬೇಕಾಗಿದೆ. 2011ರ ಗಣತಿಯ ವೇಳೆಗೆ ಜಿಲ್ಲೆಯಲ್ಲಿದ್ದದ್ದು ಐದೇ ತಾಲ್ಲೂಕು. ಆಮೇಲೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಹಳೆಯ ಅಂಕಿಗಳನ್ನು ಹೊಸ ತಾಲ್ಲೂಕುಗಳಿಗೆ ಹಂಚಲು ಗ್ರಾಮವಾರು ಪಟ್ಟಿಗೆ ಇಳಿಯದೆ ಗತ್ಯಂತರವಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಅಧಿಸೂಚನೆಯಾಗಿದೆ. ಗ್ರಾಮದವರೆಗೆ ಇಳಿದವರು ಇನ್ನೊಂದು ಮೆಟ್ಟಿಲು ಇಳಿದು ತಾಂಡಾ, ವಸ್ತಿಗಳ ಹೆಸರು ಬರೆದುಕೊಳ್ಳುವುದು ಕಷ್ಟವಲ್ಲ. ಒಂದೊಂದು ಸಾಲಿನಲ್ಲಿ ಜನವಸತಿಯ ಹೆಸರು, ಮೂರರೊಳಗಿನ ಮಕ್ಕಳು, ಮೂರರಿಂದ ಆರರ ಮಕ್ಕಳು, ಅತಿ ಹತ್ತಿರದ ಕೇಂದ್ರಕ್ಕೆ ನಡೆಯುವ ದೂರ, ಬೇಸಿಗೆಯಲ್ಲಿ ಮತ್ತು ಮಳೆಗಾಲದಲ್ಲಿ, ಆ ಕೇಂದ್ರದಲ್ಲಿರುವ ಜಾಗಗಳು. ದೂರದ ಕಾಲಂ ತುಂಬಲು ಹೈಸ್ಕೂಲಿನ ಮಕ್ಕಳು ಸಾಕು. ಸೈಕಲ್ ಗಾಲಿಗೆ ಒಂದು ಬಣ್ಣದ ದಾರ ಕಟ್ಟಿ ಸುತ್ತುಗಳನ್ನು ಎಣಿಸುತ್ತ ತಾಂಡಾದಿಂದ ಕೇಂದ್ರದವರೆಗೆ ತಳ್ಳಿಕೊಂಡು ಹೋಗುವುದು, ಸುತ್ತಿನ ಸಂಖ್ಯೆಯನ್ನು ಗಾಲಿಯ ಪರಿಧಿಯಿಂದ ಗುಣಿಸುವುದು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವಿಷಯ ಹುಡುಕುತ್ತಿರುವ ಶಿಕ್ಷಕರು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರಾದರೂ ಇದ್ದರೆ ಅಳತೆಯನ್ನು ಎರಡು ಸಲ ತೆಗೆಯಲಿ, ಒಮ್ಮೆ ಆಗಸ್ಟ್‌ನಲ್ಲಿ, ಒಮ್ಮೆ ಜನವರಿಯಲ್ಲಿ.